ಸಾಹುಕಾರರ ಫುಟ್‌ಬಾಲ್ ಟೀಮಿನ ಗಸಗಸೆ ಪಾಯಸ

ಸಾವಿತ್ರಿ, ಹೆಗ್ಗಡದೇವನಕೋಟೆಯ ಹಾಸ್ಟೆಲಿನಲ್ಲಿ ಅಡಿಗೆ ಕೆಲಸಕ್ಕೆ ಸೇರಿದ್ದೀಯ ಎಂದು ನಿನ್ನ ಅಪ್ಪ ಹೇಳಿದ. ಹೋದ ಸಲ ಬಂದಾಗ ನೀನು, "ಅಜ್ಜಿ, ನೀನೂ ಹಂಡೆಗಟ್ಟಲೆ ಬೇಯಿಸಿದವಳಲ್ವಾ, ಎಂಗಿತ್ತು ಏಳು" ಎಂದು ಕೇಳಿದೆ. ನಾನು ಸೆರಗಿನ ತುದಿ ತಿರುವುತ್ತಾ ಕೂತೆ. ಎದುರಿಗೆ ಯಾರಾದರೂ ಕೂತರೆ, ಮೊಮ್ಮಗಳೇ ಆದರೂ, ನನ್ನ ಬಾಯಿ ಕಟ್ಟುತ್ತದೆ. ಹಾರನಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ನಿನ್ನ ತಮ್ಮಂದಿರೂ ಓದಿಕೊಳ್ಳಲಿ. ಸಾರಿನ ಪುಡಿಯ ಅಳತೆ ಇದರಲ್ಲಿ ಇಲ್ಲ. ಅದು ನಿನ್ನ ಅಮ್ಮನಿಗೆ ಗೊತ್ತು.

ಆಗ ಮಹಾರಾಜರ ಕಾಲ. ನಿನ್ನ ತಾತ ಹುಣಸೂರಿನ ಒಬ್ಬ ಸಾಹುಕಾರರ ಮರದ ಡಿಪೋದಲ್ಲಿ ಗಾಡಿ ಹೊಡೆಯುತ್ತಿದ್ದರು. ಈಗ ನೀನಿರುವ ಕೋಟೆ ಕಡೆಯ ಕಾಡಿನಿಂದ ತೇಗ, ಹೊನ್ನೆ, ಮತ್ತಿಯ ದಿಮ್ಮಿಗಳನ್ನು ತರುವ ಕೆಲಸ. ಅವರು ಜ್ವರದಲ್ಲಿ ತೀರಿಕೊಂಡಾಗ ನಿನ್ನ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಸಾಹುಕಾರರು ನನ್ನನ್ನು ಕರೆಸಿದರು. ನಾನು ಹೋಗಿ ಅವರ ಜಗಲಿಯ ಕಂಬದ ಹಿಂದೆ ನಿಂತೆ.

"ಮುದ್ದೆ ತಿರುವಕ್ಕೆ ಬತ್ತದೇನವ್ವ?" ಎಂದರು.

ನಾನು ಹೂಂ ಎಂದು ತಲೆಯಾಡಿಸಿದೆ. ಕಂಬದ ಹಿಂದೆ ಇದ್ದುದರಿಂದ ಅದು ಅವರಿಗೆ ಕಾಣಲಿಲ್ಲ. ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ತಲೆಯಾಡಿಸಿದೆ. ಸಾಹುಕಾರರು ಪಕ್ಕದವರ ಕಡೆ ತಿರುಗಿ, "ಮಾತಾಡದ ಅಡ್ಗೆಯವಳು ಸಿಕ್ಕೋದು ಪುಣ್ಯ ಕಣ್ರಯ್ಯ, ಸೇರಿಸ್ಕಳಿ" ಎಂದರು. ಹೀಗೆ ನನಗೆ ಕೆಲಸ ಸಿಕ್ಕಿತು. ಮುಂದೆ ಸಂಬಳ ಏರಿದ್ದು, ಕೈಕೆಳಗೆ ಇಬ್ಬರು ಹೆಂಗಸರು ಬಂದದ್ದು, ಅದೆಲ್ಲ ಎಲ್ಲ ಕೆಲಸದಲ್ಲೂ ಇರುವುದೇ. ಬರೆಯುವುದಿಲ್ಲ.

ಕೂಲಿಯವರಿಗೆ ಅಡಿಗೆ ಮಾಡುವುದು ಎಂದುಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ತಿಳಿಯಿತು, ಅಡಿಗೆ ಫುಟ್‌ಬಾಲ್ ಟೀಮಿಗೆ. ಸಾಹುಕಾರರು ಒಮ್ಮೆ ಮೈಸೂರಿಗೆ ಮರದ ಹರಾಜಿಗೆಂದು ಹೋದವರು ಅಲ್ಲಿನ ಮೈದಾನದಲ್ಲಿ ಪಟಾಲಮ್ಮಿನ ಸಿಪಾಯಿಗಳ ಆಟ ನೋಡಿ, ಹರಾಜು ಮರೆತು, ಬರುವಾಗ ಚರ್ಮದ ಚೆಂಡೊಂದನ್ನು ಮಡಿಲಿನಲ್ಲಿಟ್ಟುಕೊಂಡು ಬಂದರಂತೆ. ಅಂದಿನಿಂದ ಅವರಿಗೆ ಅದೇ ಹುಚ್ಚು. ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಎಲ್ಲ ಕಡೆಯ ಟೀಮುಗಳ ಮೇಲೂ ಪಂದ್ಯ ಕಟ್ಟುತ್ತಿದ್ದರು. ಆಟಗಾರರೆಲ್ಲ ಡಿಪೋದ ಕೆಲಸದವರೆಂದೇ ಹೆಸರು. ಅದರಲ್ಲಿ ಅರ್ಧ ಜನ ಗರಗಸ ಹಿಡಿದದ್ದನ್ನು ನಾನು ನೋಡಿಲ್ಲ.

ಟೀಮಿನಲ್ಲಿ ಗೋಲು ಹೊಡೆಯುತ್ತಿದ್ದವನು ಸಣ್ಣಪ್ಪ. ದಿಮ್ಮಿಗಳಿಗೆ ಗುರುತು ಹಾಕುವ ಕೆಲಸದವನು. ಹೆಸರಿಗೆ ತಕ್ಕ ಹಾಗೆ ಸಣಕಲು ಮೈ, ಕಾಲು ಮಾತ್ರ ಗಾಳಿ. ಅವನಿಗೆ ಎದುರಾಳಿಗಳು ಒಂದು ಗುದ್ದು ಕೊಟ್ಟರೆ ಎದ್ದೇಳುತ್ತಿರಲಿಲ್ಲ. ಆದ್ದರಿಂದ ಸಾಹುಕಾರರು ಮತ್ತು ಆಟ ಕಲಿಸುವ ಬೋಪಯ್ಯನವರು ಸೇರಿ ಒಂದು ಉಪಾಯ ಕಂಡುಕೊಂಡರು. ಬೋಪಯ್ಯನವರು ಕೊಡಗಿನವರು, ಪಟಾಲಮ್ಮಿನಲ್ಲಿ ಹವಾಲ್ದಾರರಾಗಿದ್ದು ಪಿಂಚಣಿ ಪಡೆದವರು. ಮೂರು ಜನ ಭಾರಿ ಆಳುಗಳು ಸಣ್ಣಪ್ಪನ ಮುಂದೆ ಸಾಲಾಗಿ ಓಡಬೇಕು. ಸಣ್ಣಪ್ಪ ಅವರ ಬೆನ್ನಹಿಂದೆ ಚೆಂಡು ತರಬೇಕು. ಅಡ್ಡ ಬಂದವರು ತಾವೇ ಡಿಕ್ಕಿ ಹೊಡೆದು ಬೀಳುತ್ತಿದ್ದರು. ಈ ಮೂವರನ್ನು ಎಲ್ಲರೂ 'ಗೋಡೆಯವರು' ಎನ್ನುತ್ತಿದ್ದರು.

ಬೇರೆ ಊರಿನವರು ಜಗಳಕ್ಕೆ ಬಂದರೆ ಬೋಪಯ್ಯನವರು ಮೀಸೆ ತಿರುವಿ, "ತಳ್ಳಬಾರದು ಎಂದು ಕಾನೂನು ಉಂಟು. ದಪ್ಪ ಇರಬಾರದು ಎಂದು ಎಲ್ಲಿ ಉಂಟು, ತೋರಿಸಿ" ಎನ್ನುತ್ತಿದ್ದರು. ಸೀಟಿ ಊದುವವರು ಸಾಮಾನ್ಯವಾಗಿ ಆಯಾ ಊರಿನ ಹೆಡ್‌ಮಾಸ್ತರರು. ಅವರಿಗೂ ಗೊತ್ತಿರುತ್ತಿರಲಿಲ್ಲ.

ಗೋಡೆಯವರನ್ನು ಆರಿಸುವ ಕ್ರಮವೇ ಒಂದು ತಮಾಷೆ. ಸಾಹುಕಾರರು ಗಾಡಿ ಕಟ್ಟಿಸಿಕೊಂಡು ಹಳ್ಳಿ ಹಳ್ಳಿ ತಿರುಗುವರು. ಬಾಗಿಲಲ್ಲಿ ಬಗ್ಗಿ, ಪಕ್ಕಕ್ಕೂ ತಿರುಗಿ ಹೊರಬರುವ ಗಂಡಸು ಕಂಡರೆ ಗಾಡಿ ನಿಲ್ಲಿಸುವರು. ಆಮೇಲೆ ಅವನ ತಾಯಿಯನ್ನು ಕೇಳುವರು: "ಇವ್ನು ಉಣ್ಣೋದೆಷ್ಟವ್ವ?" ತಾಯಿ ಅಳತೊಡಗಿದರೆ ಅವನನ್ನು ಸೇರಿಸಿಕೊಂಡ ಹಾಗೆಯೇ. ಡಿಪೋದಲ್ಲಿ ಮರ ತೂಗುವ ತಕ್ಕಡಿಯಲ್ಲಿ ಅವನನ್ನು ಕೂರಿಸಿ, ಇನ್ನೊಂದು ಕಡೆ ಹೊನ್ನೆ ತುಂಡು ಇಟ್ಟು ತೂಗುತ್ತಿದ್ದರು. ಮೊದಮೊದಲು ಹೊಟ್ಟೆ ದೊಡ್ಡದಿದ್ದರೆ ಸಾಕಿತ್ತು. ಆಮೇಲೆ ಬೋಪಯ್ಯನವರು, ಹೊಟ್ಟೆಯಲ್ಲ, ತೊಡೆ ನೋಡಬೇಕು ಎಂದು ಕ್ರಮ ಬದಲಾಯಿಸಿದರು. ಹೊಸಬರು ದಿಮ್ಮಿ ಹೇರಿದ ಗಾಡಿಯನ್ನು ಎತ್ತಿಲ್ಲದೆ ದಿಬ್ಬ ಹತ್ತಿಸಬೇಕು. ಎತ್ತುಗಳು ನೆರಳಲ್ಲಿ ಮೆಲುಕು ಹಾಕುತ್ತಾ ಅದನ್ನು ನೋಡುತ್ತಿದ್ದವು.

ನಾನು ಬಡಿಸುವಾಗ ತಲೆ ಎತ್ತುತ್ತಿರಲಿಲ್ಲ. ಯಾರ್ಯಾರೆಂದು ಕೈ ನೋಡಿ ತಿಳಿಯುತ್ತಿದ್ದೆ. ಗೋಡೆಯವರ ಕೈ ಮೊರದಗಲ. ಆದರೆ ಒಂದು ಮಾತು ತಿಳಿದುಕೋ ಸಾವಿತ್ರಿ, ದೊಡ್ಡ ಮೈಯವರು ಎಂದೂ ನನ್ನ ಅಡಿಗೆಗೆ ಹೆಸರಿಟ್ಟವರಲ್ಲ. ಉಪ್ಪು ಕಮ್ಮಿ, ಖಾರ ಜಾಸ್ತಿ ಎಂದು ಹಾರಾಡುತ್ತಿದ್ದವನು ಸಣ್ಣಪ್ಪನೇ. ಗೆದ್ದು ಬಂದರೆ ಹಾರ ಅವನ ಕೊರಳಿಗೆ. ಸೋತರೆ ಸಾಹುಕಾರರು ಜಗಲಿಯಲ್ಲಿ ನಿಂತು, "ಗೋಡೆ ಬಿದ್ದೋಯ್ತು, ಗೋಡೆ ಬಿದ್ದೋಯ್ತು" ಎಂದು ಊರಿಗೆಲ್ಲ ಕೇಳುವಂತೆ ಗೋಳಾಡುವರು. ಗೋಡೆಯವರು ತಲೆ ತಗ್ಗಿಸಿಕೊಂಡು ಬಂದು ಮುದ್ದೆಗೆ ಕೂರುವರು.

ಒಮ್ಮೆ ಬೋಪಯ್ಯನವರಿಗೆ, ಪಟಾಲಮ್ಮಿನ ಊಟವಾದರೇ ಶಕ್ತಿ ಬರುವುದು ಎನಿಸಿತು. ಮೈಸೂರಿನಿಂದ ಬುಟ್ಟಿಗಟ್ಟಲೆ ಬ್ರೆಡ್ಡು ತರಿಸಿದರು. ಗೋಡೆಯವರ ಪೈಕಿ ಎಲ್ಲರಿಗಿಂತ ದೊಡ್ಡವನು ಜವರ, ಚುಂಚನಕಟ್ಟೆ ಕಡೆಯವನು. ಅವನು ಬುಟ್ಟಿ ಖಾಲಿಯಾಗುವವರೆಗೆ ತಿಂದು, ಕೈ ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದ: "ಅವಾಲ್ದಾರ್ರೇ, ಪಲಾರ ಚೆನ್ನಾಗಿತ್ತು. ಊಟಕ್ಕೆ ಯಾವಾಗ ಕುಂತ್ಕಬೇಕು?"

ಬೋಪಯ್ಯನವರು ಎದ್ದು ಹೋದರು. ನಾನು ಒಲೆ ಹೊತ್ತಿಸಿದೆ.

ನನ್ನದೂ ಒಂದು ಎಡವಟ್ಟಾಯಿತು. ಹುರುಳಿ ತಿಂದ ಕುದುರೆ ಓಡುತ್ತದೆಂದು ಎಲ್ಲರೂ ಹೇಳುತ್ತಾರಲ್ಲ, ಕೃಷ್ಣರಾಜನಗರದವರ ಮೇಲೆ ಪಂದ್ಯವಿದ್ದ ದಿನ ಬೆಳಿಗ್ಗೆ ಗೋಡೆಯವರಿಗೆ ಹುರುಳಿಯ ಬಸ್ಸಾರು, ಹುರುಳಿಕಾಳಿನ ಪಲ್ಯ ಮಾಡಿ ಹೊಟ್ಟೆ ಬಿರಿಯ ಬಡಿಸಿದೆ. ಆಟದಲ್ಲಿ ಏನಾಯಿತೆಂದು ನಾನು ವಿವರಿಸಿ ಬರೆಯುವುದು ಚೆಂದವಲ್ಲ. ಗೋಡೆಯವರು ಓಡಿದಲ್ಲೆಲ್ಲ ದಾರಿ ತಾನಾಗಿಯೇ ತೆರವಾಯಿತು. ಎದುರಾಳಿಗಳು ಮೂಗಿಗೆ ಬಟ್ಟೆ ಹಿಡಿದು ಹೆಡ್‌ಮಾಸ್ತರರ ಹತ್ತಿರ ದೂರು ಹೇಳಲು ಹೋದರೆ, ಅವರು ಆಗಲೇ ಮೈದಾನದ ಆಚೆ ಬೇವಿನ ಮರದ ಕೆಳಗೆ ನಿಂತು ಅಲ್ಲಿಂದಲೇ ಸೀಟಿ ಊದುತ್ತಿದ್ದರಂತೆ. ನಾವು ಗೆದ್ದೆವು. ಸಾಹುಕಾರರು, "ಅಡ್ಗೆಯಮ್ಮ, ಇನ್ಮೇಲೆ ಯಾವಾಗ್ಲೂ ಉಳ್ಳಿನೇ" ಎಂದರು. ಜವರನೇ ಕೈ ಮುಗಿದು, "ಬ್ಯಾಡಿ ಸಾಮಿ, ನಾವೂ ಮನ್ಸರೇ, ಎಲ್ರೂ ಒಂದೇ ಕೋಣೇಲಿ ಮಲಗ್ತೀವಿ" ಎಂದು ತಪ್ಪಿಸಿದ.

ಇನ್ನು ಪಾಯಸದ ವಿಷಯ.

ಸಾಹುಕಾರರು ಕೂಗಾಡುವವರಾದರೂ, ಒಬ್ಬನ ಮುಖ ನೋಡಿ 'ನೀನು ನಾಳೆಯಿಂದ ಬೇಡ' ಎನ್ನಲು ಅವರಿಂದ ಆಗುತ್ತಿರಲಿಲ್ಲ. ಉಣ್ಣು ಎಂದ ಬಾಯಲ್ಲಿ ಹೋಗು ಎನ್ನಬಾರದೆಂದು ಅವರ ತಾಯಿ ಹೇಳಿದ್ದರಂತೆ. ಅದಕ್ಕೆ ಅವರು ಹುಡುಕಿಕೊಂಡ ದಾರಿ ಇದು: ಗೋಡೆಯವರಲ್ಲಿ ಯಾರಿಗಾದರೂ ವಯಸ್ಸಾದರೆ, ಕಾಲು ಹೋದರೆ, ಬೇರೊಬ್ಬ ದೊಡ್ಡವನು ಸಿಕ್ಕರೆ, ಮಧ್ಯಾಹ್ನದ ಊಟದಲ್ಲಿ ಅವನೊಬ್ಬನ ಎಲೆಯ ಮುಂದೆ ಒಂದು ಬಟ್ಟಲು ಗಸಗಸೆ ಪಾಯಸ ಇಡಿಸುವುದು. ಅವನು ಅದನ್ನು ಕುಡಿದು, ನಿದ್ದೆ ಮಾಡಿ, ಎದ್ದು, ಗಂಟು ಕಟ್ಟಿಕೊಂಡು ಊರಿಗೆ ಹೋಗಬೇಕು. ಒಂದು ಮಾತೂ ಇಲ್ಲ. ಟೀಮಿನಲ್ಲಿ 'ಅವನಿಗೆ ಪಾಯಸ ಆಯ್ತು' ಎಂದರೆ ಅಷ್ಟೇ ಅರ್ಥ.

ಇದು ನನಗೆ ಮೊದಲ ಸಲ ಗೊತ್ತಿರಲಿಲ್ಲ. ಗುಡ್ಡಯ್ಯ ಎಂಬವನಿಗೆ ಇಡು ಎಂದರು. ಪಾಪ ಹುಟ್ಟುಹಬ್ಬವೋ ಏನೋ ಎಂದು ಏಲಕ್ಕಿ ಒಂದಿಷ್ಟು ಜಾಸ್ತಿಯೇ ಹಾಕಿದೆ. ಬಟ್ಟಲು ನೋಡಿ ಅವನ ಕೈ ನಿಂತುಹೋಯಿತು. ಅವನು ಒಂದೇ ಗುಟುಕಿಗೆ ಕುಡಿದು, ಬಟ್ಟಲು ನನ್ನ ಕಡೆ ಚಾಚಿ, "ಓಗೋದು ಓಗ್ತೀನಿ, ಇನ್ನೊಂದು ಬಟ್ಲು ಬುಡವ್ವ" ಎಂದ. ಆಮೇಲೆ ನನಗೆ ವಿಷಯ ಹೇಳಿದರು. ಅಂದಿನಿಂದ ಗಸಗಸೆ ಹುರಿದ ವಾಸನೆ ಬಂದರೆ ಸಾಕು, ದಿಮ್ಮಿ ಎತ್ತುವ ಗಂಡಸರೆಲ್ಲ ಬೆಕ್ಕು ಕಂಡ ಇಲಿಗಳ ಹಾಗೆ ಅಡಿಗೆಮನೆಯ ಕಿಟಕಿಯಲ್ಲಿ ಇಣುಕಿ, "ಯಾರ್ಗಕ್ಕ? ಯಾರ್ಗೆ?" ಎಂದು ಪಿಸುಗುಟ್ಟುತ್ತಿದ್ದರು. ಯುಗಾದಿಗೂ ನಾನು ಪಾಯಸ ಮಾಡುವಂತಿರಲಿಲ್ಲ. ಒಬ್ಬಟ್ಟು ಇಟ್ಟರೂ ಮೊದಲು ಪಕ್ಕದವನ ಎಲೆಯಲ್ಲೂ ಇದೆಯೋ ಎಂದು ನೋಡಿಕೊಂಡೇ ಮುರಿಯುತ್ತಿದ್ದರು.

ಜವರನ ಮಂಡಿ ಹೋದದ್ದು ಕೋಟೆಯವರ ಮೇಲಿನ ಪಂದ್ಯದಲ್ಲಿ. ಸಣ್ಣಪ್ಪನ ಮೇಲೆ ಹಾರಿ ಬಂದ ಇಬ್ಬರನ್ನು ತನ್ನ ಮೈಮೇಲೆ ತೆಗೆದುಕೊಂಡು ಬಿದ್ದ. ನಾಟಿ ವೈದ್ಯರು ಎಣ್ಣೆ ಉಜ್ಜಿ, ಪಟ್ಟು ಕಟ್ಟಿ, "ನಡೀಬೌದು, ಓಡಂಗಿಲ್ಲ" ಎಂದರು. ಓಡದ ಗೋಡೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆದರೆ ಅವನಿಗೆ ಮದುವೆ ಗೊತ್ತಾಗಿತ್ತು. ರಾವಂದೂರಿನ ಬೋರೇಗೌಡರ ಮಗಳು ಪುಟ್ಟತಾಯಿ. ಜವರನಿಗೆ ಹೊಲವಿಲ್ಲ, ಅಪ್ಪನಿಲ್ಲ. ಅಣ್ಣನ ಮನೆಯ ಹಟ್ಟಿಯಲ್ಲಿ ಬೆಳೆದವನು. ಬೋರೇಗೌಡರು ನಿಶ್ಚಿತಾರ್ಥದ ದಿನವೇ ಎಲ್ಲರೆದುರು ಹೇಳಿದ್ದರು: "ಸಾವ್ಕಾರ್ರ ಟೀಮ್ನಲ್ಲವ್ನೆ ಅಂತ ಎಣ್ಣು ಕೊಡ್ತಿರೋದು ಕಣಪ್ಪ. ಅದ್ ಬುಟ್ರೆ ನಿನ್ನತ್ರ ಇರೋದು ಬರೀ ಮೈಯಿ. ಅದನ್ನ ಸಾಕೋಕೆ ನನ್ ಮಗ್ಳ ಕೈಲಾಗಕಿಲ್ಲ." ಮದುವೆ ಸುಗ್ಗಿ ಕಳೆದ ಮೇಲೆ. ಜವರ ನೀರು ಕುಡಿಯಲು ಅಡಿಗೆಮನೆಗೆ ಬಂದಾಗಲೆಲ್ಲ ಹೊಸ್ತಿಲಲ್ಲಿ ಕೂತು, "ಅಕ್ಕ, ಒಂದ್ ತಿಂಗ್ಳು ತಳ್ಳಿದ್ರೆ ಆಯ್ತು. ತಾಳಿ ಕಟ್ಟುದ್ ಮ್ಯಾಲೆ ಏನಾರ ಆಗ್ಲಿ" ಎನ್ನುತ್ತಿದ್ದ.

ಆಮೇಲೊಂದು ದಿನ ಸಾಹುಕಾರರಿಂದ ಅಪ್ಪಣೆ ಬಂತು: ಜವರನಿಗೆ ಪಾಯಸ.

ಇಲ್ಲ ಎನ್ನುವ ಧೈರ್ಯ ನನಗೆಲ್ಲಿತ್ತು? ಗಸಗಸೆಗೆ ಹುಳು ಬಿದ್ದಿದೆ ಎಂದು ಹೇಳಿ ಕಳಿಸಿದೆ. ಸಾಹುಕಾರರು ಮೈಸೂರಿನಿಂದ ತರಿಸಿದರು. ಬೆಲ್ಲಕ್ಕೆ ಇರುವೆ ಮುತ್ತಿದೆ ಎಂದೆ. ಆಲೆಮನೆಯಿಂದ ಬಿಸಿ ಅಚ್ಚು ಬಂತು. ತೆಂಗಿನಕಾಯಿ ಕೊಳೆತಿದೆ ಎಂದೆ. ಒಂದು ಗಾಡಿ ಕಾಯಿ ಬಂದು ಬಾಗಿಲಿಗೆ ಬಿತ್ತು. ಏಲಕ್ಕಿ ಇಲ್ಲ ಎಂದೆ. ಬೋಪಯ್ಯನವರು ಜೇಬಿನಿಂದಲೇ ಹಿಡಿ ತೆಗೆದುಕೊಟ್ಟು, "ನಮ್ಮ ತೋಟದ್ದು, ಒಳ್ಳೇದುಂಟು" ಎಂದರು. ಇಷ್ಟಾದರೂ ಸುಗ್ಗಿ ಮುಗಿದಿರಲಿಲ್ಲ, ನನ್ನ ನೆಪಗಳು ಮುಗಿದಿದ್ದವು. ಪಿರಿಯಾಪಟ್ಟಣದವರ ಮೇಲಿನ ಪಂದ್ಯ ಹತ್ತಿರ ಬಂದಿತ್ತು. ಅದನ್ನು ನೋಡಲು ಬೋರೇಗೌಡರೇ ಬರುತ್ತಾರೆಂದು ಸುದ್ದಿ.

ಅಂದು ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತರು. ಗಸಗಸೆಯ ವಾಸನೆ ಬೆಳಿಗ್ಗೆಯಿಂದಲೇ ಡಿಪೋ ತುಂಬ ಹರಡಿದ್ದರಿಂದ ಒಬ್ಬೊಬ್ಬರೂ ಪಕ್ಕದವನ ಎಲೆಯನ್ನೇ ನೋಡುತ್ತಿದ್ದರು. ನಾನು ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಹೋದೆ. ಜವರನ ಎಲೆಯ ಹತ್ತಿರ ಬಂದಾಗ ಅವನ ಮೊರದಗಲದ ಕೈ ಎಲೆಯಂಚನ್ನು ಹಿಡಿದುಕೊಂಡದ್ದು ಕಂಡಿತು. ಕೂತವನಿಗೆ ಉಣ್ಣಲು ಇಡುತ್ತಿದ್ದೇನೆಯೋ, ಅವನ ಹಸೆಮಣೆ ಎತ್ತಿ ಎಸೆಯುತ್ತಿದ್ದೇನೆಯೋ ಎನಿಸಿತು. ನನ್ನ ಕೈ ಬಗ್ಗಲಿಲ್ಲ. ಬಟ್ಟಲನ್ನು ಯಾರ ಎಲೆಗೂ ಸೇರದಂತೆ ನಡುಮನೆಯ ಮಧ್ಯೆ ನೆಲದ ಮೇಲಿಟ್ಟು, ಓಡಿಹೋಗಿ ಬಾಗಿಲ ಹಿಂದೆ ನಿಂತೆ.

ಟೀಮೆಲ್ಲ ಆ ಬಟ್ಟಲನ್ನು ನೋಡುತ್ತಾ ಕೂತಿತು. ಅದು ಹೆಡೆ ಎತ್ತುತ್ತದೆಯೋ ಎಂಬಂತೆ.

ಕಡೆಗೆ ಜವರ, "ನಂದೇ ಕಣ್ರೋ, ಗೊತ್ತು" ಎಂದು ನಿಧಾನವಾಗಿ ಕೈ ಚಾಚಿದ. ಅವನ ಕೈ ಮುಟ್ಟುವ ಮೊದಲೇ ಸಣ್ಣಪ್ಪ ಹಾರಿ ಬಂದು ಬಟ್ಟಲನ್ನು ಎತ್ತಿ ಅರ್ಧ ಕುಡಿದುಬಿಟ್ಟ.

"ಏನ್ಲಾ ಮಾಡ್ದೆ ಮಂಕೆ!" ಎಂದ ಜವರ.

"ಕುಡಿದ್ನಲ್ಲ, ನಾನೂ ಓಯ್ತೀನಿ. ನೀನಿಲ್ದೆ ಆ ಪಿರಿಯಾಪಟ್ಟಣದ ರಾಕ್ಷಸರ ಮುಂದೆ ಚೆಂಡು ಇಡ್ಕೊಂಡು ನಾನೋಗ್ಲಾ? ನಂದಿರೋದು ನಾಕೇ ಪಕ್ಕೆ ಮೂಳೆ ಕಣ್ಲಾ," ಎಂದು ಸಣ್ಣಪ್ಪ ಬಾಯಿ ಒರೆಸಿಕೊಂಡ. ಆಮೇಲೆ ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿ, "ಅಕ್ಕ, ಬೆಲ್ಲ ಕಮ್ಮಿ" ಎಂದ.

ಸುದ್ದಿ ತಿಳಿದು ಸಾಹುಕಾರರು ಪಂಚೆ ಎತ್ತಿಕಟ್ಟಿಕೊಂಡು ಓಡಿ ಬಂದರು. ಪಾಯಸ ಕುಡಿದವನು ಹೋಗಲೇಬೇಕೆಂಬುದು ಅವರದೇ ಕ್ರಮ. ಈಗ ಅವರ ಗೋಲು ಹೊಡೆಯುವವನೇ ಗಂಟು ಕಟ್ಟುತ್ತಿದ್ದಾನೆ.

"ನಡು ಮಧ್ಯದಲ್ಲಿ ಬಟ್ಲು ಮಡಗು ಅಂತ ಯಾರವ್ವ ಏಳಿದ್ದು ನಿಂಗೆ?" ಎಂದು ಬಾಗಿಲ ಕಡೆ ಗುಡುಗಿದರು.

"ನನ್ ಕೈಲಿ ಆಗ್ನಿಲ್ಲ. ನಿಮ್ ಕೈಲಾದ್ರೆ ನೀವೇ ಬಡಿಸಿ," ಎಂದೆ.

ಅದು ನಾನು ಅವರ ಹತ್ತಿರ ಆಡಿದ ಮೊದಲ ಮಾತು. ಅವರು, "ಓ, ಇವ್ಳಿಗೆ ಮಾತು ಬತ್ತದೆ!" ಎಂದು ಬೆಪ್ಪಾದರು. ಬೋಪಯ್ಯನವರು ಮಾತ್ರ ಜವರನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾ ನಿಂತಿದ್ದರು. ಆಮೇಲೆ, "ಸಾಹುಕಾರ್ರೇ, ಓಡಲಿಕ್ಕೆ ಮಂಡಿ ಬೇಕು. ಗೋಲಿನಲ್ಲಿ ನಿಲ್ಲಲಿಕ್ಕೆ ಯಾಕೆ ಬೇಕು? ಇವನು ಕೈ ಅಗಲಿಸಿ ನಿಂತರೆ ಕಂಬದಿಂದ ಕಂಬಕ್ಕೆ ಭರ್ತಿ ಉಂಟು" ಎಂದರು.

ಅದುವರೆಗೆ ಗೋಲು ಕಾಯುತ್ತಿದ್ದವನು ಗಾಡಿ ಹೊಡೆಯುವ ಲಿಂಗ. ಚೆಂಡು ಮೂಗಿಗೆ ಬಡಿದು ಬಡಿದು, ಟೀಮಿನಿಂದ ಬಿಡಿಸಪ್ಪಾ ಎಂದು ಅವನು ದೇವರಿಗೆ ಹರಕೆ ಹೊತ್ತಿದ್ದ. ಈ ಮಾತು ಕಿವಿಗೆ ಬಿದ್ದದ್ದೇ ತಡ, ಸಣ್ಣಪ್ಪನ ಕೈಯಿಂದ ಬಟ್ಟಲು ಕಿತ್ತುಕೊಂಡು ಉಳಿದ ಪಾಯಸವನ್ನು ನೆಕ್ಕಿ ಮುಗಿಸಿ, "ಅಪ್ಪಾ, ನಂಗಾಯ್ತು!" ಎಂದು ಕುಣಿದ. ನಾನು ನೋಡಿದವರಲ್ಲಿ ಅದನ್ನು ಸಂತೋಷದಿಂದ ಕುಡಿದವನು ಅವನೊಬ್ಬನೇ. ಪಾಯಸ ಮುಗಿಸಿದವನೇ ಹೋದ ಲೆಕ್ಕವಾಗಿ ಅವನು ಎತ್ತುಗಳ ಹತ್ತಿರ ಹೋದ; ಸಣ್ಣಪ್ಪ, ಜವರ ಇಬ್ಬರೂ ಉಳಿದರು. ಸಣ್ಣಪ್ಪನ ಮುಂದೆ ಓಡಲು ಹಾರನಹಳ್ಳಿ ಕಡೆಯ ಹೊಸಬನೊಬ್ಬ ಬಂದ. ನಾನು ಬಡಿಸುವುದಿಲ್ಲ ಎಂದ ಮೇಲೆ, ಮುಂದೆ ಯಾರನ್ನಾದರೂ ಬಿಡಬೇಕಾದರೆ ಸಾಹುಕಾರರು ತಾವೇ ಕರೆದು ಹೇಳಬೇಕಾಯಿತು. ಅವರು ಹೇಳುತ್ತಿದ್ದದ್ದು ಎಷ್ಟು ಸುತ್ತಿಬಳಸಿ ಎಂದರೆ, ಒಬ್ಬನು ತನಗೆ ಬಡ್ತಿ ಸಿಕ್ಕಿತೆಂದು ತಿಳಿದು ಕಾಲಿಗೆ ಬಿದ್ದನಂತೆ.

ಜವರನ ಗಂಡಾಂತರ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಬೋರೇಗೌಡರು ನೋಡಿ ಒಪ್ಪಬೇಕಲ್ಲ? ತಮ್ಮ ಅಳಿಯನೆಂದರೆ ಮುಂದೆ ನುಗ್ಗಿ ನಾಲ್ಕು ಜನರನ್ನು ಕೆಡವುವವನು ಎಂದು ಅವರು ಊರಲ್ಲೆಲ್ಲ ಹೇಳಿಕೊಂಡಿದ್ದರು.

ಪಿರಿಯಾಪಟ್ಟಣದ ಪಂದ್ಯಕ್ಕೆ ನಾನೂ ಬುತ್ತಿ ತುಂಬಿಕೊಂಡು ಹೋಗಿದ್ದೆ. ಕಮಾನು ಗಾಡಿಯೊಳಗೆ, ಗೋಲಿನ ಹಿಂದೆಯೇ, ಪರದೆ ಬಿಟ್ಟುಕೊಂಡು ಕೂತಿದ್ದೆ. ಗಾಡಿಯ ಚಕ್ರಕ್ಕೆ ಒರಗಿ ರುಮಾಲಿನ ಮುದುಕರೊಬ್ಬರು ಬಂದು ನಿಂತರು. ಜೊತೆಗೆ ನೆಂಟನೊಬ್ಬ. ಮಾತಿನಿಂದಲೇ ಅವರು ಬೋರೇಗೌಡರೆಂದು ತಿಳಿಯಿತು.

ಆಟ ಶುರುವಾಯಿತು. ಎಲ್ಲರೂ ಓಡುತ್ತಿದ್ದಾರೆ, ಬೀಳುತ್ತಿದ್ದಾರೆ, ಕೂಗುತ್ತಿದ್ದಾರೆ, ಅಂಗಿ ಹರಿದುಕೊಳ್ಳುತ್ತಿದ್ದಾರೆ. ಜವರ ಎರಡು ಕಂಬಗಳ ನಡುವೆ ಕಾಲು ಅಗಲಿಸಿ ನಿಂತವನು ನಿಂತೇ ಇದ್ದಾನೆ. ಚೆಂಡು ಆಗಾಗ ಬಂದು ಅವನ ಎದೆಗೋ ಹೊಟ್ಟೆಗೋ ಬಡಿದು ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಅವನು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬೋರೇಗೌಡರು ಕಣ್ಣಿಗೆ ಕೈ ಅಡ್ಡ ಹಿಡಿದು ಅವನನ್ನೇ ನೋಡಿದರು. ನಾನು ಪರದೆಯ ಅಂಚನ್ನು ಹಿಡಿದುಕೊಂಡು, ಈಗ ರುಮಾಲು ಕೊಡವಿ ಹೊರಟೇಹೋಗುತ್ತಾರೆ ಎಂದುಕೊಂಡೆ.

ಅವರು ನೆಂಟನಿಗೆ ಹೇಳಿದರು: "ನೋಡ್ದೇನ್ಲಾ?"

"ಏನ್ ಮಾವ?"

"ಎಲ್ರೂ ಬೆವರು ಸುರಿಸ್ಕೊಂಡು ಓಡಾಡ್ತಾವ್ರೆ. ನಮ್ಮುಡ್ಗ ಒಬ್ನೇ ನಿಂತ್ಕಂಡು ನೋಡ್ತಾವ್ನೆ. ಗದ್ದೇಲಿ ಯಾರ್ಲಾ ಅಂಗೆ ನಿಂತ್ಕಳೋದು? ಆಳ್ಗೋಳು ಬಗ್ಗಿ ನಾಟಿ ಆಕ್ತಾರೆ, ಬದುವಿನ್ ಮ್ಯಾಲೆ ನಿಲ್ಲೋನು ಯಜಮಾನ. ಸಾವ್ಕಾರ್ರು ಇವ್ನಿಗೆ ಯಜಮಾನಿಕೆನೇ ಕೊಟ್ಟವ್ರೆ ಕಣ್ಲಾ!"

"ಚೆಂಡ್ನೂ ಅವ್ನತ್ರಕ್ಕೇ ತಂದ್ ಒಪ್ಪಿಸ್ತಾವ್ರೆ ಮಾವ."

"ಊಂ ಮತ್ತೆ. ತಕಂಡು, ನೋಡಿ, ವಾಪಸ್ ಕಳಿಸ್ತಾನೆ."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಪಂದ್ಯ ಯಾರು ಗೆದ್ದರೆಂದು ಈಗ ನೆನಪಿಲ್ಲ. ಬೋರೇಗೌಡರು ಸುಗ್ಗಿ ಮುಗಿಯುವವರೆಗೂ ಕಾಯಲಿಲ್ಲ, ಇಂಥ ಗಂಡನ್ನು ಬೇರೆ ಯಾರಾದರೂ ಹಾರಿಸಿಕೊಂಡು ಹೋದಾರೆಂದು ಲಗ್ನವನ್ನು ಮೊದಲೇ ಇಟ್ಟುಕೊಂಡರು. ಮದುವೆಯ ಅಡಿಗೆ ನನ್ನದೇ.

ಕೆಲವು ವರ್ಷದ ಮೇಲೆ ಪುಟ್ಟತಾಯಿ ಸಂತೆಯಲ್ಲಿ ಸಿಕ್ಕಳು. ಕಂಕುಳಲ್ಲೊಂದು ಮಗು, ತಲೆಯ ಮೇಲೊಂದು ಕುಕ್ಕೆ, ಕೈಯಲ್ಲಿ ಆಡಿನ ಹಗ್ಗ. ಗಂಡ ಹೇಗಿದ್ದಾನೆ ಎಂದು ಕೇಳಿದೆ.

"ಅದೋ, ಅಲ್ಲಿ," ಎಂದು ಗದ್ದ ಎತ್ತಿ ತೋರಿಸಿದಳು. ಜವರ ಹುಣಸೆಮರದ ಕೆಳಗೆ ಕಾಲು ಅಗಲಿಸಿ ನಿಂತಿದ್ದ. "ಮನೇಲೂ ಅಂಗೇ ಕಣಕ್ಕ. ಅವ್ರು ನಿಂತಿರ್ತಾರೆ. ಓಡೋದೆಲ್ಲ ನಂದೇ."